ಕೆತ್ತನೆಗೂ ಕಡೆಯುವುದಕ್ಕೂ ಮನೆಯಲ್ಲೇ ಮರ ಒಣಗಿಸಿದ ನನ್ನ ಅನುಭವ

ನನ್ನ ಕೆಲಸದ ಕೋಣೆಯ ಕಪಾಟಿನಲ್ಲಿ ಮಾವಿನ ಮರದ ಒಂದು ಒರಟು ಬಟ್ಟಲಿದೆ. ಮರವನ್ನು ತಿರುಗಿಸುತ್ತ ಉಳಿಯಿಂದ ದುಂಡಗೆ ಕಡೆಯುವ ಯಂತ್ರವಾದ ಲೇತ್ ಮೇಲೆ ಒಮ್ಮೆ ಮಾತ್ರ ಕಡೆದು ಇಟ್ಟ ಅದರ ತಳದಲ್ಲಿ ಪೆನ್ಸಿಲ್‌ನಿಂದ ಬರೆದ 17 ಅಂಕಿಗಳು ಒಂದರ ಕೆಳಗೊಂದಿವೆ. ಮೊದಲನೆಯದು 1910, ಎರಡನೆಯದು 1788, ಮೂರನೆಯದು 1695. ಹೀಗೆ ಇಳಿಯುತ್ತ ಬಂದು ಹದಿನಾಲ್ಕನೆಯದು 1262 ಆಗಿದೆ, ಹದಿನೈದನೆಯದು 1266ಕ್ಕೆ ಏರಿದೆ, ಕೊನೆಯ ಎರಡು ಮತ್ತೆ 1262ಕ್ಕೆ ಬಂದು ನಿಂತಿವೆ. ವಾರಕ್ಕೊಮ್ಮೆ ತೂಗಿ ಬರೆದಿಟ್ಟ ಗ್ರಾಂ ಲೆಕ್ಕವಿದು. ನಾಲ್ಕು ತಿಂಗಳಲ್ಲಿ ಸುಮಾರು 650 ಮಿಲಿಲೀಟರ್ ನೀರು ಆ ಬಟ್ಟಲಿನಿಂದ ಗಾಳಿಗೆ ಹೋಗಿದೆ, ಒಂದೂ ಬಿರುಕು ಬಿಟ್ಟಿಲ್ಲ. ಅದನ್ನು ಮುಗಿಸದೆ ಹಾಗೆಯೇ ಉಳಿಸಿಕೊಂಡಿದ್ದೇನೆ. ಮರ ಒಣಗಿಸುವ ಬಗ್ಗೆ ಯಾರಾದರೂ ಕೇಳಿದರೆ ಮೊದಲು ತೋರಿಸುವುದು ಆ ಅಂಕಿಗಳನ್ನೇ. ಹಸಿ ಮರದಿಂದ ನೀರು ತಾನಾಗಿಯೇ ಹೋಗುತ್ತದೆ, ಅದಕ್ಕೆ ನಮ್ಮ ನೆರವು ಬೇಕಿಲ್ಲ. ಒಣಗಿಸುವವರ ಕೆಲಸವೆಲ್ಲ ಅದು ಹೋಗುವ ವೇಗವನ್ನು ತಗ್ಗಿಸುವುದರಲ್ಲಿ ಮತ್ತು ಎಷ್ಟು ಹೋಯಿತೆಂದು ಲೆಕ್ಕ ಇಡುವುದರಲ್ಲಿ ಇದೆ.

ಬಿಡುವಿನ ವೇಳೆಯಲ್ಲಿ ಕೆತ್ತನೆ ಮತ್ತು ಲೇತ್ ಕೆಲಸ ಮಾಡುತ್ತ ನನಗೆ 12 ವರ್ಷಗಳಾದವು. ದಪ್ಪವಾದ ಒಣ ಮರ ಸುಲಭಕ್ಕೆ ಸಿಗುವುದಿಲ್ಲ. ಸಿಕ್ಕರೂ ಅದರ ನಡುವಿನಲ್ಲಿ ಎಷ್ಟು ತೇವ ಉಳಿದಿದೆ ಎಂಬುದು ಕೊಯ್ದು ನೋಡುವವರೆಗೂ ತಿಳಿಯುವುದಿಲ್ಲ. ಆದ್ದರಿಂದ ಗಾಳಿಗೆ ಬಿದ್ದ ಮರ, ಸವರಿ ಹಾಕಿದ ಕೊಂಬೆ, ಬೇರೆ ಕಾರಣಕ್ಕೆ ಕಡಿದ ಬುಡ, ಇವೇ ನನ್ನ ಸರಕು. ಮೊದಲ ಎರಡು ವರ್ಷ ತಂದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಸೌದೆಯಾಯಿತು. 35 ಸೆಂಟಿಮೀಟರ್ ವ್ಯಾಸದ ಒಂದು ಹಲಸಿನ ದಿಮ್ಮಿಯನ್ನು, ಬೇಗ ಒಣಗಲಿ ಎಂದು, ತೊಗಟೆ ಸಮೇತ ಬಿಸಿಲಿನಲ್ಲಿ ನಿಲ್ಲಿಸಿದ್ದೆ. ಒಂಬತ್ತನೆಯ ದಿನ ನೋಡಿದಾಗ ನಟ್ಟನಡುವಿನ ತಿರುಳಿನಿಂದ ತೊಗಟೆಯವರೆಗೆ ಬೆರಳು ತೂರುವಷ್ಟು ಅಗಲದ ಸೀಳು ಬಿಟ್ಟಿತ್ತು. ಮರವೇ ಸರಿಯಿಲ್ಲವೆಂದುಕೊಂಡು ಇನ್ನೊಂದನ್ನು ತಂದು, ಈ ಬಾರಿ ಬಿಸಿಲಿನ ಗೊಡವೆಯೇ ಬೇಡವೆಂದು ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿಟ್ಟೆ. ಮೂರು ವಾರಗಳ ನಂತರ ಬಿಚ್ಚಿದರೆ ಬಿರುಕಿರಲಿಲ್ಲ, ಆದರೆ ಇಡೀ ಮೈ ಬೂಷ್ಟು ಹಿಡಿದು, ಒಳಗಿನ ಬಣ್ಣವೂ ಮಾಸಿ, ಕೊಳೆತ ವಾಸನೆ ಬರುತ್ತಿತ್ತು. ಎರಡೂ ತಪ್ಪುಗಳು ಒಂದೇ ಅಜ್ಞಾನದಿಂದ ಹುಟ್ಟಿದವು: ಮರದಲ್ಲಿ ನೀರು ಎಲ್ಲಿರುತ್ತದೆ, ಅದು ಹೋದಾಗ ಮರಕ್ಕೆ ಏನಾಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ.

ಒದ್ದೆ ಬಟ್ಟೆಯನ್ನು ಹಿಂಡಿದರೆ ನೀರು ಸುರಿಯುವುದು ನಿಲ್ಲುತ್ತದೆ, ಆದರೂ ಬಟ್ಟೆ ಇನ್ನೂ ಹಸಿಯಾಗಿಯೇ ಇರುತ್ತದೆ. ಮರದಲ್ಲಿಯೂ ನೀರು ಎರಡು ಬಗೆಯಲ್ಲಿ ಇರುತ್ತದೆ. ಕೋಶಗಳ ಪೊಳ್ಳಿನಲ್ಲಿ ತುಂಬಿಕೊಂಡಿರುವ ನೀರು ಮೊದಲು ಹೋಗುತ್ತದೆ. ಅದು ಹೋದಾಗ ತೂಕ ಇಳಿಯುತ್ತದೆ, ಅಳತೆ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಕೋಶಗಳ ಗೋಡೆಗಳೇ ಹೀರಿಕೊಂಡು ಹಿಡಿದಿಟ್ಟಿರುವ ನೀರು ಅದರ ನಂತರ ಹೊರಡುತ್ತದೆ, ಮರ ಕುಗ್ಗಲು ತೊಡಗುವುದು ಆಗ. ಈ ಎರಡರ ನಡುವಿನ ಗಡಿ ಹೆಚ್ಚಿನ ಮರಗಳಲ್ಲಿ ಶೇಕಡಾ 25ರಿಂದ 30ರ ತೇವಾಂಶದಲ್ಲಿದೆ. ತೇವಾಂಶವನ್ನು ಲೆಕ್ಕ ಹಾಕುವಾಗ ನೀರಿನ ತೂಕವನ್ನು ಪೂರ್ತಿ ಒಣಗಿದ ಮರದ ತೂಕದಿಂದ ಭಾಗಿಸುತ್ತಾರೆಯೇ ಹೊರತು ಒಟ್ಟು ತೂಕದಿಂದ ಅಲ್ಲ. ಆದ್ದರಿಂದ ಹಗುರ ಜಾತಿಯ ಹಸಿ ಮರದ ತೇವಾಂಶ ಶೇಕಡಾ 100ನ್ನು ದಾಟಿದರೆ ಲೆಕ್ಕ ತಪ್ಪಿತೆಂದು ಗಾಬರಿಯಾಗಬೇಕಿಲ್ಲ.

ಕುಗ್ಗುವಿಕೆ ಎಲ್ಲ ದಿಕ್ಕಿನಲ್ಲೂ ಒಂದೇ ಸಮನಾಗಿದ್ದರೆ ನಮಗೆ ಯಾವ ತೊಂದರೆಯೂ ಇರುತ್ತಿರಲಿಲ್ಲ. ಎಳೆಯ, ಅಂದರೆ ಬುಡದಿಂದ ತುದಿಯ ಕಡೆಗೆ ಸಾಗುವ ಮರದ ನಾರಿನ, ಉದ್ದಕ್ಕೆ ಮರ ಶೇಕಡಾ 0.1ರಿಂದ 0.2ರಷ್ಟು ಮಾತ್ರ ಕುಗ್ಗುತ್ತದೆ. ತಿರುಳಿನಿಂದ ತೊಗಟೆಯ ಕಡೆಗೆ ಹೋಗುವ ದಿಕ್ಕಿನಲ್ಲಿ ಅದಕ್ಕಿಂತ ಬಹಳ ಹೆಚ್ಚು, ಬೆಳವಣಿಗೆಯ ಉಂಗುರಗಳ ಸುತ್ತಳತೆಯ ದಿಕ್ಕಿನಲ್ಲಿ ಸಾಮಾನ್ಯವಾಗಿ ಅದರ ಎರಡು ಪಟ್ಟು. ಕುಗ್ಗುವುದು ಕಡಿಮೆಯೆಂದು ಹೆಸರಾದ ತೇಗದಲ್ಲಿಯೇ, ಹಸಿಯಿಂದ ಪೂರ್ತಿ ಒಣಗುವವರೆಗೆ, ಈ ಎರಡು ದಿಕ್ಕುಗಳ ಪ್ರಮಾಣ ಶೇಕಡಾ 2.5 ಮತ್ತು 5.8. ಇಡೀ ದಿಮ್ಮಿಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಂಡರೆ ಇದರ ಅರ್ಥ ತಿಳಿಯುತ್ತದೆ. ಉಂಗುರದ ಸುತ್ತಳತೆ ಹೆಚ್ಚು ಕುಗ್ಗಬಯಸುತ್ತದೆ, ಆದರೆ ಅದರ ನಡುವಿನ ತ್ರಿಜ್ಯ ಅಷ್ಟು ಕುಗ್ಗಲು ಒಪ್ಪುವುದಿಲ್ಲ. ಹಾಗಾಗಿ ಉಂಗುರ ಎಲ್ಲಾದರೂ ಒಂದು ಕಡೆ ಹರಿಯಲೇಬೇಕು. ತಿರುಳು ಒಳಗಿರುವ ದಪ್ಪ ದಿಮ್ಮಿಯನ್ನು ಎಷ್ಟು ನಿಧಾನವಾಗಿ ಒಣಗಿಸಿದರೂ ಅದು ಸೀಳುವುದು ಬಹುಮಟ್ಟಿಗೆ ಖಚಿತ. ನನ್ನ ಹಲಸಿನ ದಿಮ್ಮಿಯನ್ನು ಬಿಸಿಲು ಹಾಳು ಮಾಡಿತೆಂದು ನಾನು ತಿಳಿದಿದ್ದೆ. ಬಿಸಿಲು ಮಾಡಿದ್ದು ಆಗಬೇಕಾದದ್ದನ್ನು ಬೇಗ ಆಗಿಸಿದ್ದಷ್ಟೇ. ಜಪಾನಿನ ಬಡಗಿಗಳು ತಿರುಳಿರುವ ಕಂಬಗಳ ಹಿಂಬದಿಯಲ್ಲಿ ಉದ್ದಕ್ಕೂ ತಿರುಳಿನವರೆಗೆ ಒಂದು ಗರಗಸದ ಸೀಳನ್ನು ಮೊದಲೇ ಹಾಕಿಬಿಡುತ್ತಾರೆ. ಬರುವ ಬಿರುಕೆಲ್ಲ ಆ ಸೀಳಿಗೇ ಸೇರಿ, ಎದುರಿನ ಮುಖ ಅಂದವಾಗಿ ಉಳಿಯುತ್ತದೆ.

ಹೀಗಾಗಿ ದಿಮ್ಮಿ ಮನೆಗೆ ಬಂದ ದಿನವೇ ಅದನ್ನು ಸೀಳುತ್ತೇನೆ. ತುದಿಯ ಮುಖವನ್ನು ಒದ್ದೆ ಬಟ್ಟೆಯಿಂದ ಒರೆಸಿ ಓರೆ ಬೆಳಕಿನಲ್ಲಿ ನೋಡಿದರೆ ತಿರುಳಿನಿಂದ ಹೊರಟ ಕೂದಲೆಳೆಯಂಥ ಬಿರುಕುಗಳು ಕಾಣುತ್ತವೆ. ಅವುಗಳಲ್ಲಿ ಎಲ್ಲಕ್ಕಿಂತ ಉದ್ದವಾದುದನ್ನೇ ಸೀಳುವ ಗೆರೆಯಾಗಿ ಆರಿಸಿಕೊಳ್ಳುತ್ತೇನೆ. ಮರ ತಾನಾಗಿ ಬಿಡಲಿರುವ ಕಡೆ ನಾನೇ ಬಿಡಿಸಿದರೆ ಉಳಿದ ಭಾಗ ಗಟ್ಟಿಯಾಗಿ ಸಿಗುತ್ತದೆ. ಆ ಗೆರೆಯ ಮೇಲೆ ಕಬ್ಬಿಣದ ಬೆಣೆಯನ್ನು ಇಟ್ಟು ಬಡಿದರೆ ಮೊದಲು ಸದ್ದು ಮಂದವಾಗಿರುತ್ತದೆ, ಬೆಣೆ ಕಚ್ಚಿದ ಕ್ಷಣ ಸದ್ದು ಏರುತ್ತದೆ, ಆಮೇಲೆ ದಿಮ್ಮಿಯ ಬದಿಯಲ್ಲಿ ಬಿರುಕು ಹರಿದು ಹೋಗುವುದು ಕಿವಿಗೇ ಕೇಳುತ್ತದೆ. ಅದರ ಹಿಂದೆಯೇ ಮರದ ಬೆಣೆಗಳನ್ನು ತೂರಿಸುತ್ತ ಹೋದರೆ ಸಾಕು. ಎಳೆ ಹೆಣೆದುಕೊಂಡಿರುವ ಮರವಾದರೆ ಬೆಣೆಯ ಹಟ ಬಿಟ್ಟು ಗರಗಸ ಹಿಡಿಯುವುದೇ ಒಳ್ಳೆಯದು, ಇಲ್ಲದಿದ್ದರೆ ಸೀಳು ತನಗೆ ಬೇಕಾದ ದಾರಿ ಹಿಡಿದು ಒಳ್ಳೆಯ ಅರ್ಧವನ್ನೇ ತಿಂದುಹಾಕುತ್ತದೆ. ಎರಡು ಹೋಳಾದ ಮೇಲೆ ಪ್ರತಿ ಹೋಳಿನಿಂದ ತಿರುಳನ್ನೂ ಅದರ ಸುತ್ತಲಿನ ಎರಡು ಮೂರು ಸೆಂಟಿಮೀಟರ್ ಭಾಗವನ್ನೂ ಕೊಯ್ದು ತೆಗೆಯುತ್ತೇನೆ. ಮರ ಪೋಲಾಗುತ್ತದೆ ಎಂದು ಮೊದಮೊದಲು ಕೈ ಹಿಂದೇಟು ಹಾಕುತ್ತಿತ್ತು. ಉಳಿಸಿದ ಪ್ರತಿ ಬಾರಿಯೂ ಬಿರುಕು ಅಲ್ಲಿಂದಲೇ ಶುರುವಾಗಿದೆ.

ಅದೇ ದಿನ ಮುಗಿಸಬೇಕಾದ ಇನ್ನೊಂದು ಕೆಲಸ ತುದಿಗಳನ್ನು ಮುಚ್ಚುವುದು. ಮರ ಬದುಕಿದ್ದಾಗ ನೀರು ಸಾಗಿಸಿದ ನಾಳಗಳು ಉದ್ದಕ್ಕೆ ಹರಿದಿರುವುದರಿಂದ, ಅಡ್ಡ ಕೊಯ್ದ ಮುಖದ ಮೂಲಕ ತೇವ ಉಳಿದ ಮುಖಗಳಿಗಿಂತ 10ರಿಂದ 15 ಪಟ್ಟು ವೇಗವಾಗಿ ಹೊರಟುಹೋಗುತ್ತದೆ. ತುದಿ ಒಣಗಿ ಕುಗ್ಗುತ್ತಿರುವಾಗ ಒಂದು ಗೇಣು ಒಳಗಿನ ಮರ ಇನ್ನೂ ಉಬ್ಬಿಕೊಂಡೇ ಇರುತ್ತದೆ, ಆ ಎಳೆದಾಟದಲ್ಲಿ ತುದಿ ಒಡೆಯುತ್ತದೆ. ಹಳೆಯ ಬಣ್ಣ, ಮರಗೆಲಸದ ಬಿಳಿ ಅಂಟು, ಮೇಣ, ಮೂರನ್ನೂ ಪ್ರಯತ್ನಿಸಿದ್ದೇನೆ. ಬಣ್ಣ ಹಸಿ ಮುಖಕ್ಕೆ ಸರಿಯಾಗಿ ಅಂಟದೆ ತಿಂಗಳೊಳಗೆ ಹಪ್ಪಳಿಕೆಯಾಗಿ ಎದ್ದುಬಂತು. ಅಂಟನ್ನು ದಪ್ಪಗೆ ಎರಡು ಮೂರು ಬಾರಿ ಬಳಿದರೆ ಸಣ್ಣ ತುಂಡುಗಳಿಗೆ ಸಾಕಾಗುತ್ತದೆ. ದಪ್ಪ ತುಂಡುಗಳಿಗೆ ಪ್ಯಾರಾಫಿನ್ ಮೇಣಕ್ಕೆ ಸಮನಾದದ್ದು ನನಗೆ ಸಿಕ್ಕಿಲ್ಲ. ಮೇಣವನ್ನು ನೇರವಾಗಿ ಉರಿಯ ಮೇಲಿಟ್ಟು ಕರಗಿಸಬಾರದು, ಅತಿಯಾಗಿ ಕಾದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಕುದಿಯುವ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸುತ್ತೇನೆ. ಚೆನ್ನಾಗಿ ಬಿಸಿಯಿರುವಾಗಲೇ ಕುಂಚದಿಂದ ಎರಡು ಬಾರಿ ಬಳಿದು, ಅಂಚು ದಾಟಿ ಬದಿಗಳ ಮೇಲೂ ಎರಡು ಮೂರು ಸೆಂಟಿಮೀಟರ್ ಹರಡುತ್ತೇನೆ. ಗಂಟು ಇರುವ ಕಡೆ, ಕವಲೊಡೆದ ಕಡೆ ಎಳೆ ಮೇಲ್ಮೈಗೆ ತಿರುಗಿರುವುದರಿಂದ ಅಲ್ಲಿಗೂ ಮೇಣ ಬೇಕು.

ತುದಿ ಮುಚ್ಚುವುದನ್ನು ಎರಡು ದಿನ ಮುಂದೂಡಿದ್ದಕ್ಕೆ ಒಮ್ಮೆ ಚೆನ್ನಾಗಿ ಪಾಠವಾಗಿದೆ. ಮುಖದ ಮೇಲೆ ಏನೂ ಕಾಣುತ್ತಿರಲಿಲ್ಲ, ಮೇಣ ಬಳಿದು ನೆಮ್ಮದಿಯಾಗಿದ್ದೆ. ಬಿರುಕು ಆಗಲೇ ಒಳಗೆ ಕೂತಿತ್ತು, ಮೇಣದ ಕೆಳಗೇ ಬೆಳೆಯಿತು. ಈಗ ತಡವಾಗಿ ಕೈಗೆ ಬಂದ ತುಂಡಾದರೆ ತುದಿಯಿಂದ ಐದು ಮಿಲಿಮೀಟರ್ ದಪ್ಪದ ಒಂದು ಬಿಲ್ಲೆಯನ್ನು ಕೊಯ್ದು ಕೈಯಲ್ಲಿ ಬಗ್ಗಿಸಿ ನೋಡುತ್ತೇನೆ. ಬಿಲ್ಲೆ ಒಂದು ಗೆರೆಯಲ್ಲಿ ಸಲೀಸಾಗಿ ಮುರಿದರೆ ಅಲ್ಲಿ ಕಣ್ಣಿಗೆ ಕಾಣದ ಬಿರುಕಿದೆ ಎಂದೇ ಅರ್ಥ. ಬಗ್ಗಿದರೂ ಮುರಿಯದ ಬಿಲ್ಲೆ ಸಿಗುವವರೆಗೆ ಕೊಯ್ಯುತ್ತ ಹೋಗಿ, ಆಮೇಲೆ ಮೇಣ ಬಳಿಯುತ್ತೇನೆ.

ಇನ್ನು ತಕ್ಕಡಿಯ ವಿಚಾರ. ಒಂದು ಮರದಿಂದ ಬಂದ ತುಂಡುಗಳಲ್ಲಿ ಒಂದನ್ನಾದರೂ ಮೊದಲ ದಿನವೇ ಲೆಕ್ಕಕ್ಕೆ ಒಳಪಡಿಸುತ್ತೇನೆ. ಒಂದು ಮಾವಿನ ಮರದಲ್ಲಿ ಮಾಡಿದ್ದನ್ನು ಹೇಳುತ್ತೇನೆ. ತುದಿಯಿಂದ 15 ಸೆಂಟಿಮೀಟರ್ ಒಳಗೆ, ಗಾಳಿ ತಗಲದ ಕಡೆ, 25 ಮಿಲಿಮೀಟರ್ ದಪ್ಪದ ಬಿಲ್ಲೆಯೊಂದನ್ನು ಕೊಯ್ದು ಕೂಡಲೇ ತೂಗಿದೆ: 212 ಗ್ರಾಂ. ಅದನ್ನು ಓವನ್‌ನಲ್ಲಿ 103 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು, ಕೆಲವು ಗಂಟೆಗಳಿಗೊಮ್ಮೆ ತೂಗುತ್ತ, ಎರಡು ತೂಕಗಳ ನಡುವೆ ವ್ಯತ್ಯಾಸ ಕಾಣದಾಗುವವರೆಗೆ ಕಾದೆ: 124 ಗ್ರಾಂ. ಹೋದ ನೀರು 88 ಗ್ರಾಂ. ಅದನ್ನು 124ರಿಂದ ಭಾಗಿಸಿದರೆ ತೇವಾಂಶ ಶೇಕಡಾ 71. ಅದೇ ಮರದ ಕೆತ್ತನೆಯ ತುಂಡು ಅಂದು 8.55 ಕಿಲೋ ತೂಗುತ್ತಿತ್ತು. 8.55ನ್ನು 1.71ರಿಂದ ಭಾಗಿಸಿದರೆ ಅದರ ಒಣ ತೂಕ 5 ಕಿಲೋ ಎಂದಾಯಿತು. ಶೇಕಡಾ 12ರ ತೇವಾಂಶಕ್ಕೆ ಬಂದಾಗ ಅದು 5.6 ಕಿಲೋ ತೂಗಬೇಕು. ಆ 5.6 ಎಂಬ ಅಂಕಿಯನ್ನು ತುಂಡಿನ ಮೇಲೆ ದಪ್ಪಕ್ಷರದಲ್ಲಿ ಬರೆದುಬಿಟ್ಟೆ. ಅಂದಿನಿಂದ ಮರ ಒಣಗಿದೆಯೋ ಇಲ್ಲವೋ ಎಂದು ಮುಟ್ಟಿ, ತಟ್ಟಿ, ಕೆನ್ನೆಗೆ ಒತ್ತಿ ಊಹಿಸುವ ಅಗತ್ಯ ಉಳಿಯಲಿಲ್ಲ. 12 ಸೆಂಟಿಮೀಟರ್ ದಪ್ಪದ ಆ ತುಂಡು ಆ ತೂಕಕ್ಕೆ ಇಳಿಯಲು ಎರಡು ವರ್ಷ ಮೂರು ತಿಂಗಳು ಹಿಡಿಯಿತು.

ತೇವ ಅಳೆಯುವ ಮೀಟರ್ ಇದ್ದರೆ ಇಷ್ಟೆಲ್ಲ ಏಕೆ ಎಂದು ಕೇಳಬಹುದು. ನನ್ನ ಬಳಿಯೂ ಎರಡು ಮುಳ್ಳಿನ ಒಂದು ಮೀಟರ್ ಇದೆ. ಅದು ಮುಳ್ಳುಗಳ ನಡುವಿನ ವಿದ್ಯುತ್ ನಿರೋಧವನ್ನು ಅಳೆಯುತ್ತದೆ, ಹಾಗಾಗಿ ಮುಳ್ಳು ಹೋದ ಆಳದ ಸಂಗತಿಯನ್ನಷ್ಟೇ ಹೇಳಬಲ್ಲದು. ಶೇಕಡಾ 30ರ ಮೇಲೆ ಅದರ ಮಾತನ್ನು ನಂಬುವಂತಿಲ್ಲ. ಹಲಗೆಗಳಿಗೆ ಅದು ಸರಿ. ದಪ್ಪ ತುಂಡಿಗೆ ತಕ್ಕಡಿಯೇ ಮೇಲು, ಏಕೆಂದರೆ ಅದು ಮೇಲ್ಮೈ, ಒಳಗು ಎಂದು ಭೇದ ಮಾಡದೆ ಇಡೀ ತುಂಡನ್ನು ಒಟ್ಟಿಗೆ ಲೆಕ್ಕ ಹಿಡಿಯುತ್ತದೆ.

ಶೇಕಡಾ 12 ಎಂಬುದು ಎಲ್ಲರಿಗೂ ಒಪ್ಪುವ ಗುರಿಯಲ್ಲ. ಮರ ತನ್ನ ಸುತ್ತಲಿನ ಗಾಳಿಯೊಂದಿಗೆ ಸಮತೋಲಕ್ಕೆ ಬರುತ್ತದೆ: ಸಾಧಾರಣ ಉಷ್ಣತೆಯಲ್ಲಿ ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 65 ಇದ್ದರೆ ಮರ ಸುಮಾರು 12ಕ್ಕೆ ನಿಲ್ಲುತ್ತದೆ, 80 ಇದ್ದರೆ ಸುಮಾರು 16ಕ್ಕೆ, 40 ಇದ್ದರೆ ಏಳೆಂಟಕ್ಕೆ. ಆರಂಭದಲ್ಲಿ ಹೇಳಿದ ಬಟ್ಟಲಿನ ಹದಿನೈದನೆಯ ಅಂಕಿ ನಾಲ್ಕು ಗ್ರಾಂ ಏರಿದ್ದು ಅದಕ್ಕೇ; ಆ ವಾರವಿಡೀ ಮಳೆ ಹಿಡಿದಿತ್ತು. ತೂಕ ಹೀಗೆ ಹವಾಮಾನದ ಜೊತೆ ಒಂದಿಷ್ಟು ಏರಿಳಿಯಲು ತೊಡಗಿತೆಂದರೆ ಬಟ್ಟಲಿನಿಂದ ಇನ್ನು ಹೊರಡಬೇಕಾದ ನೀರು ಉಳಿದಿಲ್ಲ ಎಂದು ನಾನು ತಿಳಿಯುತ್ತೇನೆ.

ಒಣಗಲು ಇಡುವ ಜಾಗದ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ನೆರಳು, ಮೇಲೆ ಸೂರು, ನೆಲದಿಂದ ಒಂದು ಗೇಣಾದರೂ ಎತ್ತರ, ಗಾಳಿ ಸುಳಿಯಬೇಕು ಆದರೆ ನೇರವಾಗಿ ಬೀಸಬಾರದು. ಹಲಗೆಗಳ ನಡುವೆ ಎರಡು ಸೆಂಟಿಮೀಟರ್ ದಪ್ಪದ ಒಣ ಪಟ್ಟಿಗಳನ್ನು ಅರ್ಧ ಮೀಟರ್‌ಗೊಂದರಂತೆ ಇಡುತ್ತೇನೆ. ಮೇಲಿನ ಸಾಲಿನ ಪಟ್ಟಿ ಕೆಳಗಿನ ಸಾಲಿನ ಪಟ್ಟಿಯ ನೇರಕ್ಕೇ ಬರಬೇಕು, ಇಲ್ಲದಿದ್ದರೆ ಹಲಗೆ ತನ್ನ ಭಾರಕ್ಕೇ ಬಾಗಿ ಆ ಬಾಗಿನಲ್ಲೇ ಒಣಗುತ್ತದೆ. ಮೇಲೆ ಒಂದಿಷ್ಟು ಕಲ್ಲು ಹೇರುತ್ತೇನೆ. ದಪ್ಪ ತುಂಡುಗಳನ್ನು ಮೊದಲ ಒಂದೆರಡು ತಿಂಗಳು ಗೋಣಿತಟ್ಟಿನಿಂದ ಸಡಿಲವಾಗಿ ಹೊದಿಸುತ್ತೇನೆ, ಆಮೇಲೆ ತೆಗೆಯುತ್ತೇನೆ.

ಕಾಲಾವಧಿಯ ಬಗ್ಗೆ ಮಾತ್ರ ನನ್ನದೊಂದು ತಕರಾರಿದೆ. ಒಂದು ಅಂಗುಲ ದಪ್ಪಕ್ಕೆ ಒಂದು ವರ್ಷ ಎಂಬ ಮಾತನ್ನು ಎಲ್ಲ ಬಡಗಿಗಳೂ ಹೇಳುತ್ತಾರೆ. ಒಂದು ಅಂಗುಲದ ಹಲಗೆ ಒಳ್ಳೆಯ ಗಾಳಿಯಲ್ಲಿ ಅದಕ್ಕಿಂತ ಬಹಳ ಮೊದಲೇ ಒಣಗುತ್ತದೆ, ನಾಲ್ಕು ಅಂಗುಲದ ಗಟ್ಟಿ ಮರ ನಾಲ್ಕು ವರ್ಷಕ್ಕೂ ಒಣಗದೆ ಇರಬಹುದು. ನಡುವಿನ ತೇವ ಮೇಲ್ಮೈಗೆ ಹಾಯ್ದು ಬರಬೇಕಾದ ದೂರ ಎರಡು ಪಟ್ಟಾದರೆ ಹಿಡಿಯುವ ಕಾಲ ಎರಡು ಪಟ್ಟಲ್ಲ, ಹತ್ತಿರ ಹತ್ತಿರ ನಾಲ್ಕು ಪಟ್ಟಾಗುತ್ತದೆ. ಇದನ್ನು ತಿಳಿದ ಮೇಲೆ ನಾನು ಮಾಡಿದ ಮೊದಲ ಬದಲಾವಣೆಯೆಂದರೆ, ಬೇಕಾದದ್ದಕ್ಕಿಂತ ದಪ್ಪವಾಗಿ ಯಾವ ತುಂಡನ್ನೂ ಇಟ್ಟುಕೊಳ್ಳದಿರುವುದು.

ಅವಸರ ಮಾಡಿದ್ದೂ ಇದೆ. 75 ಮಿಲಿಮೀಟರ್ ದಪ್ಪದ ಹಲಗೆಯೊಂದರ ಎದುರು ಫ್ಯಾನ್ ಇಟ್ಟು ಆರು ವಾರ ಓಡಿಸಿದೆ. ಮೀಟರ್ ಶೇಕಡಾ 11 ತೋರಿಸಿತು, ಮೈಯಲ್ಲಿ ಬಿರುಕಿರಲಿಲ್ಲ. ಅದನ್ನು ದಪ್ಪದಲ್ಲಿ ಎರಡಾಗಿ ಕೊಯ್ಯಲು ಹೊರಟಾಗ ಅರ್ಧ ದಾರಿಯಲ್ಲಿ ಎರಡೂ ಹೋಳುಗಳು ಒಳಮುಖವಾಗಿ ಬಾಗಿ ಗರಗಸವನ್ನು ಇಕ್ಕಳದಂತೆ ಕಚ್ಚಿ ಹಿಡಿದವು. ಬೆಣೆ ತೂರಿಸಿ ಬಿಡಿಸಿದೆ, ಒಳಮೈ ಮುಟ್ಟಿದರೆ ತಣ್ಣಗಿತ್ತು. ಹೊರಗಿನ ಪದರ ಮೊದಲು ಒಣಗಿ, ಇನ್ನೂ ಉಬ್ಬಿದ್ದ ಒಳಭಾಗದ ಮೇಲೆ ಹಿಗ್ಗಿದ ಅಳತೆಯಲ್ಲೇ ಗಟ್ಟಿಯಾಗಿಬಿಟ್ಟಿತ್ತು. ತಡವಾಗಿ ಕುಗ್ಗತೊಡಗಿದ ಒಳಭಾಗಕ್ಕೆ ಆ ಕವಚ ಜಾಗ ಕೊಡುತ್ತಿರಲಿಲ್ಲ. ಇನ್ನೂ ಜೋರಾಗಿ ಒಣಗಿಸಿದ್ದರೆ ಹೊರಗೆ ಏನೂ ಕಾಣದಂತೆ ಒಳಗೇ ಜೇನುಗೂಡಿನಂತೆ ಬಿರುಕುಗಳಾಗುತ್ತಿದ್ದವು. ಉಳಿ ಇಟ್ಟು ಅರ್ಧ ಕೆತ್ತಿದ ಮೇಲೆ ಅಂಥ ಮರ ಎದುರಾದರೆ ಅದಕ್ಕಿಂತ ಬೇಸರ ಬೇರೆಯಿಲ್ಲ.

ಹುಳುಗಳ ಕಾಟ ಬೇರೆ. ಹೊರಗಿನ ಬಿಳಿ ಭಾಗದಲ್ಲಿ ಪಿಷ್ಟ ಸಂಗ್ರಹವಾಗಿರುವ ಮರಗಳಿಗೆ ಕುಟ್ಟೆ ಹುಳು ಬಹಳ ಬೇಗ ಬೀಳುತ್ತದೆ, ಒಳಗಿನ ಕೆಚ್ಚನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಕಪಾಟಿನ ಹಲಗೆಯ ಮೇಲೆ ನಯವಾದ ಹಿಟ್ಟಿನಂಥ ಪುಡಿಯ ಸಣ್ಣ ಗುಪ್ಪೆ, ಮೇಲೆ ಒಂದೆರಡು ಮಿಲಿಮೀಟರ್ ಅಗಲದ ತೂತು ಕಂಡರೆ ಕೆಲಸ ಕೆಟ್ಟಿದೆ ಎಂದೇ ತಿಳಿಯಬೇಕು. ತೊಗಟೆಯನ್ನು ಮೊದಲ ವಾರವೇ ಸುಲಿಯುತ್ತೇನೆ, ಏಕೆಂದರೆ ಅದರ ಕೆಳಗೇ ಹುಳುಗಳ ಬಿಡಾರ. ಅಲಂಕಾರದ ಕೆತ್ತನೆಗೆಂದು ಇಟ್ಟ ಬಿಳಿ ಮರಕ್ಕೆ ಬೊರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣ ಬಳಿಯುತ್ತೇನೆ. ಮರ ಹಸಿಯಿರುವಾಗಲೇ ಬಳಿದರೆ ಅದು ಒಳಗಿನ ತೇವದಲ್ಲಿ ಹರಡಿಕೊಳ್ಳುತ್ತದೆ, ಒಣಗಿದ ಮೇಲೆ ಬಳಿದರೆ ಮೇಲೆಯೇ ಉಳಿಯುತ್ತದೆ. ಉಣ್ಣುವ, ಬಡಿಸುವ ವಸ್ತುಗಳ ಮರಕ್ಕೆ ಇದನ್ನು ಬಳಸುವುದಿಲ್ಲ. ಅಂಥವಕ್ಕೆ ಶಾಖವೇ ಸರಿ. ದೇಶದಿಂದ ದೇಶಕ್ಕೆ ಹೋಗುವ ಮರದ ಪೆಟ್ಟಿಗೆಗಳಿಗೆ ಅಂತರರಾಷ್ಟ್ರೀಯ ನಿಯಮ ವಿಧಿಸುವುದು ಮರದ ನಡುವಿನಲ್ಲೂ 56 ಡಿಗ್ರಿ ಸೆಲ್ಸಿಯಸ್ ಶಾಖ ಕನಿಷ್ಠ 30 ನಿಮಿಷ ಇರಬೇಕೆಂದು. ಒಣಗಿದ ಸಣ್ಣ ವಸ್ತುವನ್ನು ಓವನ್‌ನಲ್ಲಿ ಅದಕ್ಕಿಂತ ತುಸು ಹೆಚ್ಚು ಶಾಖದಲ್ಲಿ, ನಡುವಿಗೆ ಕಾವು ತಲುಪುವಷ್ಟು ಹೊತ್ತು ಇಟ್ಟು ನಾನೂ ಆ ಮಟ್ಟಕ್ಕೆ ತರುತ್ತೇನೆ.

ಕಡೆಯುವ ಕೆಲಸದಲ್ಲಿ ಒಂದು ಅನುಕೂಲವಿದೆ: ಮರ ಒಣಗುವವರೆಗೆ ಕಾಯಬೇಕಿಲ್ಲ, ಕಡೆದೇ ಒಣಗಿಸಬಹುದು. ಹಸಿ ಮರವನ್ನು ಬಟ್ಟಲಿನ ಒರಟು ಆಕಾರಕ್ಕೆ ತಂದು, ಗೋಡೆಯನ್ನು ವ್ಯಾಸದ ಹತ್ತನೆಯ ಒಂದು ಭಾಗದಷ್ಟು ದಪ್ಪ ಬಿಡುತ್ತೇನೆ. 300 ಮಿಲಿಮೀಟರ್ ಬಟ್ಟಲಿಗೆ 30 ಮಿಲಿಮೀಟರ್. ಈ ಅಳತೆ ಎಲ್ಲಿಂದ ಬಂತೆಂದು ಒಮ್ಮೆ ಲೆಕ್ಕ ಹಾಕಿ ನೋಡಿದೆ. ಬಟ್ಟಲಿನ ಒಂದು ವ್ಯಾಸ ಎಳೆಯ ಉದ್ದಕ್ಕಿರುತ್ತದೆ, ಅದು ಕುಗ್ಗುವುದೇ ಇಲ್ಲವೆನ್ನಬಹುದು. ಇನ್ನೊಂದು ಎಳೆಗೆ ಅಡ್ಡವಾಗಿರುತ್ತದೆ. ತೇಗವಾದರೆ ಪೂರ್ತಿ ಒಣಗಿದಾಗಿನ 5.8ರಲ್ಲಿ, ಶೇಕಡಾ 30ರಿಂದ 12ಕ್ಕೆ ಬರುವ ನಮ್ಮ ಪಯಣದಲ್ಲಿ, ಐದರಲ್ಲಿ ಮೂರು ಪಾಲು, ಅಂದರೆ ಸುಮಾರು ಶೇಕಡಾ 3.5 ಕುಗ್ಗುತ್ತದೆ. 300 ಮಿಲಿಮೀಟರ್‌ನಲ್ಲಿ ಅದು ಹತ್ತು ಮಿಲಿಮೀಟರ್‌ಗೂ ತುಸು ಹೆಚ್ಚು, ಪ್ರತಿ ಬದಿಗೆ ಐದು. ಮೊಟ್ಟೆಯಾಕಾರಕ್ಕೆ ತಿರುಗಿದ ಬಟ್ಟಲನ್ನು ಮತ್ತೆ ದುಂಡಗೆ ಕಡೆಯಲು 30ರ ಗೋಡೆಯಲ್ಲಿ ಬೇಕಾದಷ್ಟು ಮರ ಉಳಿಯುತ್ತದೆ. ಹೆಚ್ಚು ಕುಗ್ಗುವ ಮರವಾದರೆ ಆ ಮಿಗತೆ ಬೇಕೇಬೇಕಾಗುತ್ತದೆ. ತೀರ ದಪ್ಪ ಬಿಟ್ಟರೆ ಗೋಡೆ ಬಾಗಲಾರದೆ ಬಿರಿಯುತ್ತದೆ. ಲೇತ್‌ನ ಚಕ್, ಅಂದರೆ ಮರವನ್ನು ಕಚ್ಚಿ ಹಿಡಿಯುವ ಭಾಗ, ಹಿಡಿಯುವ ಬುಡವೂ ಮೊಟ್ಟೆಯಾಕಾರವಾಗುವುದನ್ನು ನೆನಪಿಟ್ಟು ಅದನ್ನೂ ಅಗಲವಾಗಿ ಬಿಡಬೇಕು. ನಾನು ಮರೆತ ಮೊದಲ ಬಾರಿ, ಒಣಗಿದ ಚಂದದ ಬಟ್ಟಲು ಯಂತ್ರಕ್ಕೆ ಹಿಡಿಸದೆ ಬಹಳ ಕಾಲ ಸುಮ್ಮನೆ ಕೂತಿತ್ತು.

ಕಡೆದ ಬಟ್ಟಲಿನ ಹೊರಮೈಯಲ್ಲಿ ಎಳೆಯ ತುದಿಗಳು ಕಾಣುವ ಎರಡು ಬದಿಗಳಿಗೆ ಮೇಣ ಸವರಿ, ತೂಕ ಮತ್ತು ತಾರೀಕು ಬರೆದು, ಎರಡು ಪದರದ ಕಾಗದದ ಚೀಲದಲ್ಲಿಡುತ್ತೇನೆ. ಕಡೆದಾಗ ಬಿದ್ದ ಹಸಿ ಸಿಪ್ಪೆಯನ್ನೇ ಚೀಲಕ್ಕೆ ತುಂಬಿಸುವವರೂ ಇದ್ದಾರೆ. ನಾನು ಹಾಗೆ ಮಾಡಿದಾಗಲೆಲ್ಲ ಬೂಷ್ಟು ಬಂದಿದೆ, ಬಿಳಿ ಮರದ ಬಣ್ಣ ಕೆಟ್ಟಿದೆ. ಈಗ ಒಣ ಸಿಪ್ಪೆ ಹಾಕುತ್ತೇನೆ, ಇಲ್ಲವೇ ಏನೂ ಹಾಕುವುದಿಲ್ಲ. ವಾರಕ್ಕೊಮ್ಮೆ ತೂಗುತ್ತೇನೆ. ಒಂದು ವಾರದ ಇಳಿತ ಒಟ್ಟು ತೂಕದ ಹತ್ತನೆಯ ಒಂದು ಭಾಗವನ್ನು ಮೀರಿದರೆ ಇನ್ನೊಂದು ಚೀಲ ಹೊದಿಸುತ್ತೇನೆ. ನೂರನೆಯ ಒಂದು ಭಾಗಕ್ಕಿಂತ ಕಡಿಮೆಯಾದರೆ ಚೀಲದ ಬಾಯಿ ಬಿಚ್ಚುತ್ತೇನೆ. ಈ ಅಳತೆಗಳು ನನ್ನ ಕೋಣೆಗೆ, ನನ್ನ ಮರಗಳಿಗೆ ಹೊಂದಿಕೊಂಡವು.

ಕೆತ್ತನೆಯಲ್ಲಿ ಸಣ್ಣ ಕೆಲಸಕ್ಕೂ ದೊಡ್ಡ ಕೆಲಸಕ್ಕೂ ದಾರಿ ಬೇರೆ. ಸೌಟು, ಚಮಚಗಳನ್ನು ಹಸಿಯಲ್ಲೇ ಕೆತ್ತುತ್ತೇನೆ. ಉಳಿ ಬೆಣ್ಣೆಗೆ ಇಳಿದಂತೆ ಇಳಿಯುತ್ತದೆ, ತೆಳ್ಳಗಿನ ಗೋಡೆಯಲ್ಲಿ ಒಳಗೂ ಹೊರಗೂ ಒಟ್ಟಿಗೇ ಒಣಗುವುದರಿಂದ ಬಿರುಕಿನ ಭಯ ಕಡಿಮೆ. ಕೆಲಸ ಅರ್ಧಕ್ಕೆ ನಿಂತರೆ ರಾತ್ರಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದು, ಪೂರ್ತಿ ಒಣಗಿದ ಮೇಲೆ ಕೊನೆಯ ನಯಗೆಲಸ ಮಾಡುವುದು, ಇಷ್ಟೇ. ದೊಡ್ಡ ವಿಗ್ರಹದ ಗಾತ್ರದ ತುಂಡನ್ನು ಇಡಿಯಾಗಿ ಒಣಗಿಸುವ ಆಸೆಯನ್ನು ನಾನು ಬಿಟ್ಟಿದ್ದೇನೆ. ಹಿಂದಿನವರೂ ಅದರ ಗೋಜಿಗೆ ಹೋಗಿಲ್ಲ: ಜಪಾನಿನ ಬ್ಯೋದೊ-ಇನ್ ದೇವಾಲಯದಲ್ಲಿ ಜೋಚೊ ಎಂಬ ಶಿಲ್ಪಿ 1053ರಲ್ಲಿ ಮುಗಿಸಿದ ಅಮಿದ ಬುದ್ಧನ ಬೃಹತ್ ಮೂರ್ತಿ ಹಲವು ಮರದ ತುಂಡುಗಳನ್ನು ಜೋಡಿಸಿ, ಒಳಗೆ ಪೊಳ್ಳು ಮಾಡಿ ರಚಿಸಿದ್ದು. ನಾನೂ ಒಂದಡಿಗಿಂತ ಎತ್ತರದ ಮೂರ್ತಿಯಾದರೆ ಮುಂಭಾಗವನ್ನು ಹಸಿಯಲ್ಲೇ ಒರಟಾಗಿ ಕೆತ್ತಿ, ಹಿಂಬದಿಯಿಂದ ಒಳಮೈಯನ್ನು ತೋಡಿ, ಗೋಡೆ ಎಲ್ಲೆಡೆ ಮೂರು ನಾಲ್ಕು ಸೆಂಟಿಮೀಟರ್ ಉಳಿಯುವಂತೆ ಮಾಡಿ ಒಣಗಲು ಬಿಡುತ್ತೇನೆ.

ಅಡ್ಡದಾರಿಗಳನ್ನೂ ತುಳಿದು ನೋಡಿದ್ದೇನೆ. ಮೈಕ್ರೋವೇವ್‌ನಲ್ಲಿ ಕಡಿಮೆ ಶಕ್ತಿಯಲ್ಲಿ ಒಂದೆರಡು ನಿಮಿಷ ಕಾಯಿಸಿ, ಪೂರ್ತಿ ತಣಿಯಲು ಬಿಟ್ಟು, ತೂಗಿ, ಮತ್ತೆ ಕಾಯಿಸುವ ಕ್ರಮ ಸಣ್ಣ ಬಟ್ಟಲುಗಳಿಗೆ ನಡೆಯುತ್ತದೆ. ಒಮ್ಮೆ ತಣಿಯಲು ಬಿಡದೆ ನಾಲ್ಕು ನಿಮಿಷ ಒಟ್ಟಿಗೆ ಇಟ್ಟೆ. ಹೊರಗೆ ಏನೂ ಕಾಣಲಿಲ್ಲ, ಹೊಗೆ ಮಾತ್ರ ಬಂತು, ಕೊಯ್ದು ನೋಡಿದರೆ ಗೋಡೆಯ ನಡುವೆ ಇದ್ದಿಲಾಗಿತ್ತು. ಬೆಂಕಿ ಹತ್ತದಿದ್ದುದೇ ಪುಣ್ಯ. ಮದ್ಯಸಾರದಲ್ಲಿ ನೆನೆಸಿ ಒಣಗಿಸುವ ವಿಧಾನವನ್ನು ಒಂದೇ ದಿಮ್ಮಿಯ ಎರಡು ಬಟ್ಟಲುಗಳ ಮೇಲೆ, ಒಂದನ್ನು ನೆನೆಸಿ ಒಂದನ್ನು ನೆನೆಸದೆ, ಪರೀಕ್ಷಿಸಿದೆ. ತೂಕದ ಗೆರೆಗಳಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ. ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಮೇಣದಂಥ ವಸ್ತು ಕೋಶಗಳ ಗೋಡೆಯೊಳಗೆ ನೀರಿನ ಜಾಗದಲ್ಲಿ ಕೂತು ಮರ ಕುಗ್ಗದಂತೆ ತಡೆಯುತ್ತದೆ. 1628ರಲ್ಲಿ ಮುಳುಗಿ 1961ರಲ್ಲಿ ಮೇಲೆತ್ತಲ್ಪಟ್ಟ ಸ್ವೀಡನ್ನಿನ ವಾಸಾ ಹಡಗಿಗೆ ಅದರ ದ್ರಾವಣವನ್ನು 17 ವರ್ಷ ಸಿಂಪಡಿಸಿದರು. ಮನೆಯ ಕೆಲಸಕ್ಕೆ ಅದು ಅತಿಯಾಯಿತು. ಮೇಲಾಗಿ ಹಾಗೆ ಸಂಸ್ಕರಿಸಿದ ಮರ ತೇವದ ದಿನಗಳಲ್ಲಿ ಅಂಟಂಟಾಗುತ್ತದೆ, ಅದರ ಮೇಲೆ ಎಣ್ಣೆ, ವಾರ್ನಿಷ್ ಸರಿಯಾಗಿ ಹಿಡಿಯುವುದಿಲ್ಲ.

ತೂಕ ನಿಂತ ಮೇಲೂ ಮುಚ್ಚಳವಿರುವ ಡಬ್ಬಿಯ ಕೆಲಸವನ್ನು ನಾನು ಕೂಡಲೇ ಮುಗಿಸುವುದಿಲ್ಲ. ಒಣ ತುಂಡನ್ನು ಡಬ್ಬಿ, ಮುಚ್ಚಳ ಎಂದು ಎರಡಾಗಿ ಕೊಯ್ದು, ಎರಡನ್ನೂ ಒಳಗಿನಿಂದ ಒರಟಾಗಿ ತೋಡಿ, ಅದು ಮುಂದೆ ಇರಬೇಕಾದ ಕೋಣೆಯಲ್ಲೇ ಮೂರು ವಾರ ಬಿಡುತ್ತೇನೆ. ತೋಡಿದಾಗ ಬಿಡುಗಡೆಯಾದ ಬಿಗಿತಕ್ಕೆ ಅವು ಇನ್ನೊಮ್ಮೆ ತುಸು ತಿರುಚಿಕೊಳ್ಳುತ್ತವೆ. ಎಷ್ಟು ಕಾದರೂ ಮಳೆಗಾಲದಲ್ಲಿ ಅವೆರಡೂ ಎಳೆಗೆ ಅಡ್ಡವಾಗಿ ಒಂದಿಷ್ಟು ಹಿಗ್ಗುತ್ತವೆ, ಬೇಸಿಗೆಯಲ್ಲಿ ಕುಗ್ಗುತ್ತವೆ. ಎರಡರ ಎಳೆಗಳೂ ಒಂದೇ ದಿಕ್ಕಿಗೆ ನಿಂತಿದ್ದರೆ ಎರಡೂ ಒಟ್ಟಿಗೇ ಮೊಟ್ಟೆಯಾಕಾರವಾಗಿ ಮುಚ್ಚಳ ಸಲೀಸಾಗಿ ಕೂರುತ್ತದೆ, ಕಾಲು ಸುತ್ತು ತಿರುಗಿಸಿದರೆ ಬಿಗಿಯುತ್ತದೆ. ಆದ್ದರಿಂದ ಕೊಯ್ಯುವ ಮೊದಲೇ, ಡಬ್ಬಿಯಾಗಲಿರುವ ಭಾಗದಿಂದ ಮುಚ್ಚಳವಾಗಲಿರುವ ಭಾಗಕ್ಕೆ ದಾಟುವ ಒಂದು ಪೆನ್ಸಿಲ್ ಗೆರೆಯನ್ನು ಎಳೆದಿಡುತ್ತೇನೆ. ಅಂತಿಮವಾಗಿ ನಯಗೊಳಿಸುವಾಗ ಆ ಗೆರೆ ಹೊರಟುಹೋಗುತ್ತದೆ, ಅದಕ್ಕೆ ಮೊದಲು ಎರಡರ ಒಳ ಅಂಚಿನಲ್ಲೂ ಉಳಿಯ ತುದಿಯಿಂದ ಒಂದೊಂದು ಸಣ್ಣ ಚುಕ್ಕೆ ಒತ್ತುತ್ತೇನೆ.